ಎರಡನೆಯ ಬೆಂಕಿಯ ಬಗ್ಗೆ: ಅಮೆರಿಕದ ಪಶ್ಚಿಮ ರಾಜ್ಯಗಳ ಕನ್ನಡ ಕೂಟಗಳಿಗೆ ಬಹಿರಂಗ ಪತ್ರ



ಕಾಡ್ಗಿಚ್ಚಿನ ಹೊಗೆ ನಮ್ಮ ಮನೆಗಳ ಮೇಲೆ ಕವಿದಾಗಲೆಲ್ಲ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು ಏಳುತ್ತದೆ: ಸುಟ್ಟ ಕಾಡಿಗೆ ನಾವೂ ಏನಾದರೂ ಮಾಡಬೇಕು. ಯಾರೋ ನಿಧಿ ಸಂಗ್ರಹಿಸೋಣ ಎನ್ನುತ್ತಾರೆ. ಊರಲ್ಲಿ ಮುಂಗಾರಿನ ಹೊತ್ತಿಗೆ ಮಾಡುವ ಹಾಗೆ ಬೀಜದುಂಡೆ ಕಟ್ಟಿ ಮಕ್ಕಳ ಕೈಯಿಂದ ಎಸೆಸೋಣ ಎನ್ನುತ್ತಾರೆ ಇನ್ನೊಬ್ಬರು. ಬಸ್ಸು ಮಾಡಿಕೊಂಡು ಹೋಗಿ ಒಂದೇ ದಿನದಲ್ಲಿ ಸಾವಿರ ಸಸಿ ನೆಟ್ಟು ಬರುವ ಯೋಜನೆಯೂ ಬರುತ್ತದೆ. ಈ ಕಾಳಜಿ ದೊಡ್ಡದು, ಅದನ್ನು ಕುಗ್ಗಿಸಲು ನಾನು ಬರೆಯುತ್ತಿಲ್ಲ. ಈ ದುಡ್ಡು, ಈ ಶ್ರಮ ಎಲ್ಲಿ ಬೇಕೋ ಅಲ್ಲಿಗೆ ತಲುಪಲಿ, ಬೇಡದ ಕಡೆ ಹೋಗಿ ಕೇಡು ಮಾಡದಿರಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ಪೈನ್ ಕಾಡು ಒಂದು ಬೆಂಕಿಯಿಂದ ಎದ್ದು ಬರುವ ಬಗೆ ಬೇರೆ, ಮೇಲಿಂದ ಮೇಲೆ ಬಂದ ಬೆಂಕಿಯ ಮುಂದೆ ಅದರ ಪಾಡು ಬೇರೆ. ಇದು ತಿಳಿಯದೆ ಸಸಿ ಹಿಡಿದು ಹೊರಟರೆ ಪ್ರಯೋಜನವಿಲ್ಲ.

ನಿಮ್ಮಲ್ಲಿ ಬಹುಪಾಲು ಜನ ಊರಿನಿಂದ ಬಂದ ಅಪ್ಪ ಅಮ್ಮನನ್ನು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋಗಿರುತ್ತೀರಿ. ಪಶ್ಚಿಮದ ಬಾಗಿಲಿನಿಂದ ಮ್ಯಾಡಿಸನ್ ಕಡೆಗೆ ಹೋಗುವ ದಾರಿಯಲ್ಲಿ ಒತ್ತೊತ್ತಾಗಿ, ಒಂದೇ ಎತ್ತರಕ್ಕೆ ನಿಂತ ಎಳೆಯ ಪೈನ್ ಮರಗಳನ್ನು, ನಡುನಡುವೆ ಬೆಳ್ಳಗಾಗಿ ನಿಂತ ಹಳೆಯ ಒಣ ಕಾಂಡಗಳನ್ನು ಕಂಡಿರುತ್ತೀರಿ. ಅದು 1988ರ ಬೆಂಕಿಯ ಗುರುತು. ಆ ಬೇಸಿಗೆ ಉದ್ಯಾನದ ಸುಮಾರು 8 ಲಕ್ಷ ಎಕರೆ, ಅಂದರೆ ಶೇ. 36ರಷ್ಟು ಭಾಗ ಬೆಂಕಿಗೆ ಸಿಕ್ಕಿತು. ಎಲ್ಲಕ್ಕಿಂತ ದೊಡ್ಡದಾದ ನಾರ್ತ್ ಫೋರ್ಕ್ ಬೆಂಕಿ ಹುಟ್ಟಿದ್ದು ಉದ್ಯಾನದ ಹೊರಗೆ ಸೌದೆ ಕಡಿಯುತ್ತಿದ್ದವರು ಬಿಸಾಡಿದ ಒಂದು ಸಿಗರೇಟಿನಿಂದ. ಇಡೀ ದೇಶದಿಂದ ಬಂದ ಸುಮಾರು 25 ಸಾವಿರ ಜನ ಸರದಿಯಲ್ಲಿ ದುಡಿದರೂ ಆ ಬೇಸಿಗೆಯ ಬೆಂಕಿಗಳು ನಿಲ್ಲಲಿಲ್ಲ. ಸೆಪ್ಟೆಂಬರ್ 11ರಂದು ಬಿದ್ದ ಮಳೆ ಮತ್ತು ಹಿಮವೇ ಅವನ್ನು ತಣಿಸಿದವು. ಯೆಲ್ಲೋಸ್ಟೋನ್ ಮುಗಿಯಿತು ಎಂದು ಪತ್ರಿಕೆಗಳು ಬರೆದವು, ಟಿವಿ ನೋಡಿದವರೂ ಹಾಗೆಯೇ ನಂಬಿದರು.

ಆ ಕಾಡು ಮುಗಿದಿರಲಿಲ್ಲ. ಅದಕ್ಕೆ ಕಾರಣವಾದ ವಸ್ತುವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಲಾಡ್ಜ್‌ಪೋಲ್ ಪೈನ್ ಮರದ ಮುಚ್ಚಿದ ಕಾಯಿ ಅಂಗೈಯೊಳಗೆ ಅಡಗುವಷ್ಟು ಚಿಕ್ಕದು. ಒಂದು ಬದಿಗೆ ಓರೆಯಾಗಿ ಉಬ್ಬಿರುತ್ತದೆ. ಅದರ ಎಸಳುಗಳ ತುದಿಯಲ್ಲೊಂದು ಚುಚ್ಚುವ ಮುಳ್ಳು. ಎಸಳು ಎಸಳುಗಳ ನಡುವೆ ಒಣಗಿ ಗಟ್ಟಿಯಾದ ಮರದ ಅಂಟು. ಉಗುರಿನಿಂದ ಎಬ್ಬಿಸಲು ನೋಡಿದರೆ ಉಗುರೇ ಮುರಿಯಬೇಕು, ಕಾಯಿ ಬಿಚ್ಚಿಕೊಳ್ಳುವುದಿಲ್ಲ. ಹೀಗೆ ಮುಚ್ಚಿಕೊಂಡೇ ಅದು ಕೊಂಬೆಯ ಮೇಲೆ ಹತ್ತಾರು ವರ್ಷ ಕೂರಬಲ್ಲದು, ಒಳಗಿನ ಬೀಜವೂ ಅಷ್ಟು ಕಾಲ ಜೀವ ಹಿಡಿದಿರುತ್ತದೆ. ಸುತ್ತಲ ಬಿಸಿ ಸುಮಾರು 45 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅಂಟು ಕರಗುತ್ತದೆ. ಬೆಂಕಿ ಮರವನ್ನು ಕೊಂದು ಮುಂದೆ ಹೋದ ಮೇಲೆ, ಸತ್ತ ಮರದ ತುದಿಯಲ್ಲಿ ಕಾಯಿಗಳು ಬಾಯಿ ಬಿಟ್ಟು, ತೆಳುವಾದ ರೆಕ್ಕೆ ಹೊತ್ತ ಬೀಜಗಳು ಬೂದಿಯ ಮೇಲೆ ಉದುರುತ್ತವೆ. ನೆರಳಿಲ್ಲದ, ಪೈಪೋಟಿಯಿಲ್ಲದ, ತರಗೆಲೆ ಸುಟ್ಟು ಮಣ್ಣು ತೆರೆದ ನೆಲ ಈ ಮರದ ಮೊಳಕೆಗೆ ಹೇಳಿ ಮಾಡಿಸಿದಂಥದು.

1988ರ ನಂತರದ ವರ್ಷಗಳಲ್ಲಿ ಅಲ್ಲಿ ಎದ್ದ ಸಸಿಗಳ ಲೆಕ್ಕ ನೋಡಿ: ಕೆಲವು ಕಡೆ ಒಂದು ಹೆಕ್ಟೇರಿಗೆ 5 ಲಕ್ಷಕ್ಕೂ ಹೆಚ್ಚು! ಯಾರೂ ನೆಡಲಿಲ್ಲ, ಯಾರೂ ನೀರು ಹಾಕಲಿಲ್ಲ. ಎಲ್ಲ ಕಡೆಯೂ ಹೀಗೇ ಆಯಿತೆಂದು ಮಾತ್ರ ತಿಳಿಯಬೇಡಿ. ಉದ್ಯಾನದ ಎತ್ತರದ ಜಾಗಗಳಲ್ಲಿ ಅದೇ ಜಾತಿಯ ಮರಗಳಲ್ಲಿ ಮುಚ್ಚಿದ ಕಾಯಿ ತೀರ ಕಡಿಮೆ, ಹಾಗಾಗಿ ಅಲ್ಲಿ ಸಸಿಗಳೂ ವಿರಳ. ಕಾಡು ಎಂದರೆ ಎಲ್ಲೆಡೆ ಒಂದೇ ಸಮ ಇರುವುದಿಲ್ಲ, ಅದು ಚೇತರಿಸಿಕೊಳ್ಳುವ ಬಗೆಯೂ ಒಂದೇ ಸಮ ಇರುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನೆಮ್ಮದಿಯ ಕಥೆಯೇ. ಬೆಂಕಿ ಬಂತು, ಕಾಡು ಎದ್ದಿತು. ಆದರೆ ಈ ಕಥೆಯೊಳಗೊಂದು ಷರತ್ತಿದೆ. ಯೆಲ್ಲೋಸ್ಟೋನಿನ ಈ ಕಾಡುಗಳಲ್ಲಿ ಹಿಂದೆ ಒಂದು ದೊಡ್ಡ ಬೆಂಕಿಗೂ ಇನ್ನೊಂದಕ್ಕೂ ನಡುವೆ 100ರಿಂದ 300 ವರ್ಷಗಳ ಅಂತರವಿರುತ್ತಿತ್ತು. ಕೊಂಬೆಗಳ ಮೇಲಿನ ಬೀಜವೆಂದರೆ ಮರ ಇಟ್ಟ ಠೇವಣಿ. ಎಳೆಯ ಮರ ಮೊದಮೊದಲು ಬಿಡುವುದು ಹೆಚ್ಚಾಗಿ ತೆರೆದ ಕಾಯಿಗಳನ್ನೇ, ಮುಚ್ಚಿದ ಕಾಯಿಗಳು ರಾಶಿಯಾಗಲು ದಶಕಗಳು ಬೇಕು. ಮುದ್ದತ್ತು ತುಂಬುವ ಮೊದಲೇ ಬೆಂಕಿ ಮತ್ತೆ ಬಂದು ಬಾಗಿಲು ಬಡಿದರೆ ಕೊಡಲು ಒಳಗೆ ಏನೂ ಇರುವುದಿಲ್ಲ.

2016ರಲ್ಲಿ ಆದದ್ದು ಅದೇ. ಮೇಪಲ್ ಎಂಬ ಬೆಂಕಿ ಸುಮಾರು 45 ಸಾವಿರ ಎಕರೆಯ ಮೇಲೆ ಹಾಯಿತು. ಅದರ ಬಹುಪಾಲು 1988ರಲ್ಲಿ ಸುಟ್ಟು ಮತ್ತೆ ಬೆಳೆದಿದ್ದ, ಇನ್ನೂ 28 ವರ್ಷ ವಯಸ್ಸಿನ ಕಾಡು. ಅದೇ ವರ್ಷ ಪಕ್ಕದ ಗ್ರ್ಯಾಂಡ್ ಟೀಟನ್ ಉದ್ಯಾನದಲ್ಲಿ ಬೆರಿ ಎಂಬ ಬೆಂಕಿ 2000ನೇ ಇಸವಿಯಲ್ಲಿ ಸುಟ್ಟಿದ್ದ ಜಾಗವನ್ನೂ ಮತ್ತೆ ಸುಟ್ಟಿತು. ಅಲ್ಲಿನ ಮರಗಳಿಗೆ ಆಗ ಬರೀ 16 ವರ್ಷ. ಎಳೆಯ ಕಾಡು ಬೆಂಕಿಯನ್ನು ತಡೆಯುತ್ತದೆ, ಅಲ್ಲಿ ಉರಿಯಲು ಏನಿದೆ ಎಂದು ಅಲ್ಲಿಯವರೆಗೆ ಬಹಳ ಜನ ನಂಬಿದ್ದರು. ಬಿಸಿಲು, ಒಣಹವೆ, ಗಾಳಿ ಮೂರೂ ಸೇರಿದ ಆ ಬೇಸಿಗೆಯಲ್ಲಿ ಆ ನಂಬಿಕೆ ಉಳಿಯಲಿಲ್ಲ.

ಮೊದಲ ಬೆಂಕಿಯ ನಂತರದ ನೆಲಕ್ಕೂ ಎರಡನೆಯ ಬೆಂಕಿಯ ನಂತರದ ನೆಲಕ್ಕೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೊದಲನೆಯದರ ನಂತರ ಕರಿಯ ಕಾಂಡಗಳು ನಿಂತಿರುತ್ತವೆ, ಉರುಳಿದ ದಿಮ್ಮಿಗಳು ಬಿದ್ದಿರುತ್ತವೆ. ಅವುಗಳ ಬುಡದಲ್ಲಿ ತೇವ ಉಳಿಯುತ್ತದೆ, ಮರಕುಟಿಗ ಬರುತ್ತದೆ, ನೇರಳೆ ಬಣ್ಣದ ಫೈರ್‌ವೀಡ್ ಹೂ ಏಳುತ್ತದೆ. ಎರಡನೆಯದರ ನಂತರ, ತೀರ ಕಡುವಾಗಿ ಉರಿದ ಕಡೆಗಳಲ್ಲಿ, ಎಳೆಯ ಮರಗಳು ಬುಡದವರೆಗೆ ಉರಿದು ಮೋಟು ಮಾತ್ರ ಉಳಿದಿರುತ್ತವೆ. 1988ರಲ್ಲಿ ಸತ್ತು ಉರುಳಿದ್ದ ದಿಮ್ಮಿಗಳೂ ಇರುವುದಿಲ್ಲ. ದಿಮ್ಮಿ ಇದ್ದ ಜಾಗದಲ್ಲಿ ಮಣ್ಣಿನ ಮೇಲೆ ಅದರದೇ ಉದ್ದಗಲದ ಒಂದು ಬಿಳಿಯ ಗುರುತು. ಮರ ಹಾಗಿರಲಿ, ಇದ್ದಿಲೂ ಉಳಿದಿರುವುದಿಲ್ಲ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮೋನಿಕಾ ಟರ್ನರ್ 1988ರಿಂದಲೂ ಈ ಕಾಡಿನ ಬೆನ್ನು ಹತ್ತಿದವರು. ಬೆಂಕಿಯ ನಂತರ ಕಾಡು ತಾನಾಗಿ ಎದ್ದು ಬಂದುದನ್ನು ಮೊದಲು ಜಗತ್ತಿಗೆ ತೋರಿಸಿದವರಲ್ಲಿ ಅವರೂ ಒಬ್ಬರು. ಅದೇ ಅವರು, ಜೊತೆಗಾರರೊಂದಿಗೆ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಗ ಮರುಕಳಿಸಿದ ಬೆಂಕಿಯ ನಂತರ ಸಸಿಗಳ ಸಂಖ್ಯೆ ಸರಾಸರಿ ಆರು ಪಟ್ಟು ಇಳಿದಿದೆ ಎಂದು ತೋರಿಸಿದರು. ತೀರ ಕಡುವಾಗಿ ಸುಟ್ಟ ಕಡೆ, ಕಾಡು ಮೊದಲಿನಷ್ಟು ಇಂಗಾಲವನ್ನು ಮತ್ತೆ ಹಿಡಿದಿಟ್ಟುಕೊಳ್ಳುವುದು 150 ವರ್ಷಕ್ಕೂ ಹೆಚ್ಚು ತಡವಾಗಬಹುದು ಎನ್ನುತ್ತದೆ ಅವರ ಲೆಕ್ಕಾಚಾರ. ಕಾಡಿನ ತಾಳಿಕೆಯನ್ನು ಮೂವತ್ತು ವರ್ಷ ಹತ್ತಿರದಿಂದ ನೋಡಿ ನಂಬಿದ್ದವರೇ ಈ ಎಚ್ಚರಿಕೆ ಕೊಡುತ್ತಿರುವಾಗ ನಾವು ಕಿವಿಗೊಡಲೇಬೇಕು.

ಇನ್ನು ಕೊಲೊರಾಡೊದ ನನ್ನ ಮನೆಯ ಹತ್ತಿರದ ಕಾಡು, ಪಾಂಡರೋಸಾ ಪೈನ್ ಕಾಡು. ಇದರ ಸ್ವಭಾವವೇ ಬೇರೆ. ದೊಡ್ಡ ಮರದ ತೊಗಟೆ ಕಿತ್ತಳೆ ಬಣ್ಣಕ್ಕೆ ತಿರುಗಿ ದಪ್ಪ ದಪ್ಪ ಹಲಗೆಯಾಗಿರುತ್ತದೆ. ಬಿಸಿಲು ಕಾಯ್ದ ಮಧ್ಯಾಹ್ನ ಅದರ ಬಿರುಕಿಗೆ ಮೂಗು ಇಟ್ಟರೆ ವೆನಿಲಾ ವಾಸನೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಇದನ್ನೊಮ್ಮೆ ಮಾಡಿಸಿ. ಈ ಮರ ಮುಚ್ಚಿದ ಕಾಯಿಯನ್ನು ನಂಬಿ ಬದುಕಿದ್ದಲ್ಲ, ಅದಕ್ಕೆ ಕಾವಲು ತೊಗಟೆಯೇ. ಕೆಲವೇ ವರ್ಷಕ್ಕೊಮ್ಮೆ ನೆಲದ ಹುಲ್ಲು, ಉದುರಿದ ಸೂಜಿ ಎಲೆ, ಒತ್ತಾಗಿ ಬೆಳೆದ ಮರಿ ಗಿಡಗಳನ್ನು ಸುಟ್ಟು ಹೋಗುತ್ತಿದ್ದ ಸಣ್ಣ ಬೆಂಕಿಯಿಂದ ಈ ಕಾಡು ಮರ ಮರದ ನಡುವೆ ಬಯಲು ಬಿಟ್ಟು, ಬೆಳಕಾಗಿ ಇರುತ್ತಿತ್ತು. ಮೇಲಿಂದ ಮೇಲೆ ಬರುವ ಬೆಂಕಿ ಯೆಲ್ಲೋಸ್ಟೋನಿಗೆ ಕೇಡು, ಇಲ್ಲಿ ಅದೇ ಆರೈಕೆ. ನಡುವಿನ ಅಂತರವನ್ನು ಮಾತ್ರ ನೋಡಿದರೆ ಸಾಲದು, ಬೆಂಕಿ ಎಷ್ಟು ಜೋರಾಗಿತ್ತು, ಯಾವ ಮರ, ಎಂಬುದನ್ನೂ ಕೂಡಿಸಿ ನೋಡಬೇಕು.

ಆ ಸಣ್ಣ ಬೆಂಕಿಯನ್ನು ಈ ಪಶ್ಚಿಮ ರಾಜ್ಯಗಳಲ್ಲಿ ನೂರು ವರ್ಷ ತಡೆಹಿಡಿದರು. ಕ್ಯಾಲಿಫೋರ್ನಿಯಾದ ಕ್ಲಾಮತ್ ನದಿಯ ದಂಡೆಯ ಕರುಕ್, ಯುರೋಕ್ ಜನ ತಲೆತಲಾಂತರದಿಂದ ಹದ ನೋಡಿ ಹಚ್ಚುತ್ತಿದ್ದ ಬೆಂಕಿ ಅಪರಾಧವಾಯಿತು. 1935ರಲ್ಲಿ ಕೇಂದ್ರ ಸರ್ಕಾರದ ಅರಣ್ಯ ಇಲಾಖೆ, ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಗ್ಗೆ 10 ಗಂಟೆಯೊಳಗೆ ಹತೋಟಿಗೆ ಬರಬೇಕು ಎಂಬ ನಿಯಮ ತಂದಿತು. ಕರ್ನಾಟಕದವರಾದ ನಮಗೆ ಇದು ಹೊಸ ಸಂಗತಿಯಾಗಬಾರದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಮೊದಲಲ್ಲೇ ಹಚ್ಚುತ್ತಿದ್ದ ತರಗು ಬೆಂಕಿ, 1970ರ ದಶಕದಲ್ಲಿ ಆ ಕಾಡು ಅಭಯಾರಣ್ಯವಾದ ಮೇಲೆ ನಿಂತಿತು. ಅದು ನಿಂತ ಮೇಲೆಯೇ ಲಂಟಾನ ಕಾಡೆಲ್ಲ ಹಬ್ಬಿತು, ನೆಲ್ಲಿ ಮರಗಳಿಗೆ ಬದನಿಕೆ ಹೆಚ್ಚಿತು ಎಂದು ಅಲ್ಲಿನ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಎರಡು ಖಂಡಗಳಲ್ಲಿ ಕಾಡಿನೊಳಗೆ ಬದುಕಿದ ಜನ ಒಂದೇ ಮಾತು ಹೇಳುತ್ತಿರುವಾಗ ಅದನ್ನು ತಳ್ಳಿಹಾಕುವುದು ನನ್ನಿಂದಾಗದು.

ತಡೆದಿಟ್ಟ ನೂರು ವರ್ಷಗಳ ತರಗು, ಒತ್ತಾದ ಗಿಡಗಂಟಿ ಈಗ ಉರಿಯುತ್ತಿವೆ. 2002ರ ಜೂನ್‌ನಲ್ಲಿ ಡೆನ್ವರಿನ ನೈಋತ್ಯಕ್ಕೆ ಹೇಮನ್ ಬೆಂಕಿ 1.38 ಲಕ್ಷ ಎಕರೆಯ ಮೇಲೆ ಹಾಯಿತು. ನೆಲದಲ್ಲಿ ಹರಿಯಬೇಕಾದ ಬೆಂಕಿ ತುದಿಯಿಂದ ತುದಿಗೆ ಹಾರಿತು, ದಪ್ಪ ತೊಗಟೆಯ ಮುದಿ ಮರಗಳೂ ಸತ್ತವು. ಪಾಂಡರೋಸಾ ಬೀಜ ತಾಯಿಮರದಿಂದ ನೂರು, ನೂರೈವತ್ತು ಮೀಟರಿನಾಚೆ ಹೋಗುವುದೇ ಅಪರೂಪ. ಮೈಲಿಗಟ್ಟಲೆ ತಾಯಿಮರವೇ ಇಲ್ಲದ ನಡುಬಯಲಿಗೆ ಬೀಜ ಬರುವುದೆಲ್ಲಿಂದ? ಅಲ್ಲಿ ಈಗಲೂ ಹುಲ್ಲು, ಪೊದೆ, ಉರುಳಿದ ದಿಮ್ಮಿ. ಅಂಚಿನಲ್ಲಿ ಬದುಕಿ ಉಳಿದ ಮರಗಳ ಸುತ್ತ ಮಾತ್ರ ಸಸಿ.

ನ್ಯೂ ಮೆಕ್ಸಿಕೋದ ಹೆಮೆಸ್ ಬೆಟ್ಟಗಳಲ್ಲಿ ಇದಕ್ಕಿಂತ ಕಷ್ಟದ ಸ್ಥಿತಿ. 1996ರಲ್ಲಿ ಡೋಮ್, 2000ದಲ್ಲಿ ಸೆರೊ ಗ್ರಾಂಡೆ, 2011ರಲ್ಲಿ ಲಾಸ್ ಕೊಂಚಾಸ್ ಬೆಂಕಿ. ಮೂರನೆಯದು ಮೊದಲೆರಡರ ಜಾಗಗಳಿಗೂ ನುಗ್ಗಿತು. ಅದು ಮೊದಲ 14 ಗಂಟೆಗಳಲ್ಲೇ ಸುಮಾರು 43 ಸಾವಿರ ಎಕರೆ ಸುಟ್ಟಿತು. ಪೈನ್ ಸತ್ತ ಜಾಗವನ್ನು ಗ್ಯಾಂಬೆಲ್ ಓಕ್ ಪೊದೆ ಹಿಡಿಯುತ್ತದೆ. ಅದನ್ನು ಸುಟ್ಟರೆ ಬೇರಿನಿಂದ ಮತ್ತೆ ಚಿಗುರುತ್ತದೆ, ಪೈನ್‌ಗೆ ಆ ಶಕ್ತಿ ಇಲ್ಲ. ಪ್ರತಿ ಬೆಂಕಿಯೂ ಪೊದೆಯ ಕೈಯನ್ನು ಬಲಪಡಿಸುತ್ತಾ ಹೋಗುತ್ತದೆ. ಇದರ ಮೇಲೆ ಬಿಸಿಲು. ಹಿಂದೆ ನೆರಳಿದ್ದ ನೆಲ ಈಗ ಬೋಳು, ಮೊಳೆತ ಸಸಿ ಮೊದಲ ಬೇಸಿಗೆ ದಾಟುವುದೇ ಕಷ್ಟ. ಪಶ್ಚಿಮದ ತಗ್ಗಿನ, ಒಣ ಜಾಗಗಳಲ್ಲಿ ಪಾಂಡರೋಸಾ ಮೊಳಕೆ ತಾಳಬಲ್ಲ ಹವೆಯ ಗಡಿಯನ್ನು ನಾವು ಕಳೆದ ಕೆಲವು ದಶಕಗಳಲ್ಲಿ ದಾಟಿಬಿಟ್ಟಿದ್ದೇವೆ ಎಂದು 2019ರಲ್ಲಿ ಮೊಂಟಾನಾದ ಸಂಶೋಧಕರು ಸಾವಿರಾರು ಎಳೆಮರಗಳ ಉಂಗುರ ಎಣಿಸಿ ತೋರಿಸಿದ್ದಾರೆ. ಕೆಲವು ಕಡೆ ಪೈನ್ ಮರಳುವುದಿಲ್ಲ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ, ಆದರೆ ಮಕ್ಕಳಿಗೆ ಸುಳ್ಳು ಭರವಸೆ ಕೊಡುವ ಸಸಿ ನೆಡುವ ದಿನಕ್ಕಿಂತ ಈ ಸತ್ಯ ಮೇಲು.

ಹಾಗಾದರೆ ಸಸಿ ನೆಡುವುದೇ ಬೇಡವೇ? ಬೇಕು, ಎಲ್ಲ ಕಡೆ ಬೇಡ. ಆರೆಗಾನ್ ರಾಜ್ಯದ ಉದಾಹರಣೆ ಮುಂದಿಡುತ್ತೇನೆ. ಅಲ್ಲಿ 1987ರ ಸಿಲ್ವರ್ ಬೆಂಕಿಯ ನಂತರ ಕೆಲವು ಕಡೆ ಸತ್ತ ಮರ ಕಡಿದು ಸಾಗಿಸಿ, ಹೊಸ ಸಸಿ ನೆಟ್ಟರು. 2002ರಲ್ಲಿ ಬಿಸ್ಕಿಟ್ ಎಂಬ ಬೆಂಕಿ ಅದೇ ನೆಲಕ್ಕೆ ಬಂದಾಗ, ಹಾಗೇ ಬಿಟ್ಟ ಜಾಗಕ್ಕಿಂತ ಕಡಿದು ನೆಟ್ಟ ಜಾಗವೇ ಹೆಚ್ಚು ಕಡುವಾಗಿ ಉರಿಯಿತು. ಒಂದೇ ವಯಸ್ಸಿನ, ಒತ್ತಾಗಿ ಸಾಲುಗಟ್ಟಿದ ಎಳೆಯ ಮರಗಳು ಬೆಂಕಿಗೆ ಸುಲಭದ ತುತ್ತು. ಬಿಸ್ಕಿಟ್ ಬೆಂಕಿಯ ನಂತರ ತಾನಾಗಿ ಎದ್ದಿದ್ದ ಸಸಿಗಳ ನಡುವೆ ಯಂತ್ರ ಇಳಿಸಿ ದಿಮ್ಮಿ ಎಳೆದ ಕಡೆ, ಆ ಸಸಿಗಳಲ್ಲಿ ಶೇ. 71ರಷ್ಟು ನಾಶವಾದವು. ಒಳ್ಳೆಯ ಉದ್ದೇಶದ ಕೆಲಸವೇ ಕಾಡಿನ ಸ್ವಂತ ಕೆಲಸವನ್ನು ತುಳಿದು ಹಾಕಿತು.

ಬೀಜದುಂಡೆಯ ಬಗ್ಗೆ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ದಯವಿಟ್ಟು ಬೇಡ. ಇಲ್ಲಿ ಪ್ರತಿ ಪೈನ್ ಬೀಜಕ್ಕೂ ಊರು, ಎತ್ತರ ಎಂಬುದಿದೆ. ಸಾವಿರ ಅಡಿ ಕೆಳಗಿನ ಮರದ ಬೀಜವನ್ನು ಮೇಲೆ ತಂದು ಹಾಕಿದರೆ ಅದು ಚಳಿಗೆ ಸಾಯಬಹುದು. ಅಂಗಡಿಯಿಂದ ತಂದ ಹೂವಿನ ಬೀಜದ ಮಿಶ್ರಣದಲ್ಲಿ ಈ ನೆಲದ್ದಲ್ಲದ ಕಳೆ ಸೇರಿರಬಹುದು. ರಾಷ್ಟ್ರೀಯ ಉದ್ಯಾನಗಳಲ್ಲಂತೂ ಹಾಗೆ ಬೀಜ ಎಸೆಯಲು ಅನುಮತಿಯೇ ಇಲ್ಲ.

ತಾಯಿಮರ ಉಳಿಯದ, ಎರಡು ಮೂರು ಸಲ ಸುಟ್ಟ ನಡುಬಯಲುಗಳಲ್ಲಿ ನೆಡುವುದು ನಿಜಕ್ಕೂ ಅಗತ್ಯ. ಅಲ್ಲಿ ಬಲ್ಲವರು ನೆಡುವ ಕ್ರಮವನ್ನು ಗಮನಿಸಿ. ಸಾಲು ಹಿಡಿಯುವುದಿಲ್ಲ. ಅಲ್ಲಲ್ಲಿ ಗುಂಪು ಗುಂಪಾಗಿ, ನಡುವೆ ಬಯಲು ಬಿಟ್ಟು ನೆಡುತ್ತಾರೆ. ಆ ಗುಂಪುಗಳೇ ಮುಂದೆ ತಾಯಿಮರಗಳಾಗಿ ಸುತ್ತಲ ನೆಲಕ್ಕೆ ಬೀಜ ಕೊಡಲಿ ಎಂಬುದು ಲೆಕ್ಕಾಚಾರ. ಉರುಳಿದ ದಿಮ್ಮಿಯ ಉತ್ತರದ ಬದಿ ಹುಡುಕಿ, ಮಧ್ಯಾಹ್ನದ ಬಿಸಿಲು ತಾಕದ ಆ ಗೇಣಗಲದ ನೆರಳಿನಲ್ಲಿ ಕಿರಿದಾದ ಗುದ್ದಲಿಯಿಂದ ಸೀಳಿ, ಬೇರು ಮಡಚಿಕೊಳ್ಳದಂತೆ ನೇರಕ್ಕೆ ಇಳಿಸಿ, ಹಿಮ್ಮಡಿಯಿಂದ ಮಣ್ಣು ಒತ್ತುತ್ತಾರೆ. ಗಾಳಿಯ ಗುಳ್ಳೆ ಉಳಿದರೆ ಬೇರು ಒಣಗುತ್ತದೆ. ನೂರು ಸಸಿಯನ್ನು ಹೀಗೆ ನೆಡುವುದು, ಸಾವಿರ ಸಸಿಯನ್ನು ಬಿಸಿಲಿಗೆ ಊರಿ ಫೋಟೋ ತೆಗೆದುಕೊಂಡು ಬರುವುದಕ್ಕಿಂತ ಎಷ್ಟೋ ಹೆಚ್ಚಿನ ಕೆಲಸ.

ಈಗಿನ ದೊಡ್ಡ ಕೊರತೆ ಬೀಜದ್ದು, ಸಸಿಮಡಿಗಳದ್ದು. ಪೈನ್ ಎಲ್ಲ ವರ್ಷವೂ ಸಮನಾಗಿ ಕಾಯಿ ಬಿಡುವುದಿಲ್ಲ. ಫಸಲು ಬಂದ ವರ್ಷ ಕೆಲವೇ ವಾರಗಳಲ್ಲಿ, ಕಾಯಿ ಬಿರಿಯುವ ಮೊದಲು, ಮರ ಹತ್ತಿ ಕೀಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಆ ಬೀಜಗಳನ್ನು ಕಾಪಿಡುವ ಸರ್ಕಾರಿ ಕಣಜ ಡೇವಿಸ್ ಊರಿನಲ್ಲಿರುವ ಎಲ್.ಎ. ಮೊರಾನ್ ಕೇಂದ್ರ. 2021ರ ಕಾಯ್ದೆಯೊಂದು ಕೇಂದ್ರ ಸರ್ಕಾರದ ಮರುನೆಡುವಿಕೆ ನಿಧಿಗೆ ಇದ್ದ ವರ್ಷಕ್ಕೆ 3 ಕೋಟಿ ಡಾಲರ್ ಮಿತಿಯನ್ನು ತೆಗೆಯಿತು. ಆದರೆ ಕಾಯಿ ಕೀಳುವ ಕೈಗಳು, ಸಸಿ ಬೆಳೆಸುವ ಕೈಗಳು ದುಡ್ಡಿನಿಂದ ಮಾತ್ರ ಹುಟ್ಟುವುದಿಲ್ಲ. ನಮ್ಮ ನಿಧಿ, ನಮ್ಮ ಭಾನುವಾರಗಳು ಇಲ್ಲಿಗೆ ಹೋದರೆ ಸಾರ್ಥಕ.

ಇದಕ್ಕಿಂತಲೂ ಮುಖ್ಯ, ಎರಡನೆಯ ಬೆಂಕಿ ಬಾರದಂತೆ ನೋಡಿಕೊಳ್ಳುವುದು. 1992ರಿಂದ 2012ರವರೆಗೆ ಈ ದೇಶದಲ್ಲಿ ಹೊತ್ತಿಕೊಂಡ ಕಾಡ್ಗಿಚ್ಚುಗಳಲ್ಲಿ ಶೇ. 84ರಷ್ಟು ಮನುಷ್ಯರಿಂದ ಹತ್ತಿದವು. 2018ರ ಜುಲೈನಲ್ಲಿ ರೆಡ್ಡಿಂಗ್ ಬಳಿ ಒಂದು ಟ್ರೇಲರಿನ ಟೈರು ಪಂಕ್ಚರಾಗಿ, ರಿಮ್ಮು ರಸ್ತೆಗೆ ಉಜ್ಜಿ ಹಾರಿದ ಕಿಡಿಯಿಂದ ಕಾರ್ ಎಂಬ ಹೆಸರಿನ ಬೆಂಕಿ ಹುಟ್ಟಿತು. 2020ರ ಸೆಪ್ಟೆಂಬರ್ 5ರಂದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಬಣ್ಣದ ಹೊಗೆಯಿಂದ ಸಾರಲು ಹೋದ ಕುಟುಂಬವೊಂದರ ಸಂಭ್ರಮ 22 ಸಾವಿರ ಎಕರೆ ಸುಟ್ಟಿತು, ಬೆಂಕಿ ಆರಿಸಲು ಹೋದ ಒಬ್ಬರ ಜೀವ ತೆಗೆಯಿತು. ನಮ್ಮ ಸೀಮಂತಗಳಲ್ಲೂ ಈಗ ಇಂಥ ಹೊಗೆ ಡಬ್ಬಿಗಳು ಕಾಣುತ್ತಿವೆ. ದಯಮಾಡಿ ಬಿಟ್ಟುಬಿಡಿ. ಬಳೆ, ಆರತಿ, ಹಾಡು ಇರುವ ನಮ್ಮ ಸೀಮಂತಕ್ಕೆ ಯಾವುದರ ಕೊರತೆಯೂ ಇಲ್ಲ.

ದೀಪಾವಳಿಯ ಬಗ್ಗೆಯೂ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಅಕ್ಟೋಬರ್, ನವೆಂಬರ್ ಎಂದರೆ ಮಳೆ ಇನ್ನೂ ಬಾರದ, ಒಣ ಗಾಳಿ ಬೀಸುವ ಕಾಲ. 85 ಜನರನ್ನು ಬಲಿ ತೆಗೆದುಕೊಂಡು ಪ್ಯಾರಡೈಸ್ ಊರನ್ನೇ ಸುಟ್ಟ ಕ್ಯಾಂಪ್ ಬೆಂಕಿ ಹೊತ್ತಿದ್ದು 2018ರ ನವೆಂಬರ್ 8ರಂದು, ಆ ವರ್ಷದ ಬಲಿಪಾಡ್ಯಮಿಯ ಬೆಳಗ್ಗೆ. ಅದು ವಿದ್ಯುತ್ ತಂತಿಯಿಂದ ಬಂದ ಬೆಂಕಿ, ಪಟಾಕಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ನಮ್ಮ ಹಬ್ಬ ಬೀಳುವುದು ಎಂಥ ಗಾಳಿಯ ನಡುವೆ ಎಂಬುದು ಆ ದಿನದಿಂದ ತಿಳಿಯುತ್ತದೆ. ಬೆಟ್ಟದ ಬುಡದ ಮನೆಗಳಲ್ಲಿ ಇರುವವರು ಪಟಾಕಿ, ಹಾರುವ ದೀಪ ಬೇಡವೆಂದು ಕೂಟದಲ್ಲೇ ತೀರ್ಮಾನಿಸಿ. ಕ್ಯಾಂಪಿಂಗಿನಲ್ಲಿ ಜೋಳ ಸುಟ್ಟ ಮೇಲೆ ನೀರು ಸುರಿದು, ಕೆದಕಿ, ಮತ್ತೆ ಸುರಿದು, ಬೂದಿಯ ಮೇಲೆ ಬರಿಗೈ ಹಿಡಿದು ತಣ್ಣಗಾದದ್ದು ಗೊತ್ತಾದ ಮೇಲೆಯೇ ಹೊರಡಿ.

ವಸಂತದಲ್ಲೋ ಚಳಿಗಾಲ ಹತ್ತಿರವಾದಾಗಲೋ ಅರಣ್ಯದವರು ಪಾಂಡರೋಸಾ ಕಾಡಿನಲ್ಲಿ ತಾವೇ ಸಣ್ಣ ಬೆಂಕಿ ಹಚ್ಚಿದಾಗ, ಹೊಗೆ ಬಂತೆಂದು ದೂರು ಕೊಡುವವರಲ್ಲಿ ನಮ್ಮವರೂ ಇದ್ದಾರೆ. ಉಬ್ಬಸದ ಮಕ್ಕಳಿರುವ ಮನೆಯ ಕಷ್ಟ ನನಗೆ ಅರ್ಥವಾಗುತ್ತದೆ. ಇಂಥ ಬೆಂಕಿ ಕೈಮೀರುವುದೂ ಉಂಟು, ಸೆರೊ ಗ್ರಾಂಡೆ ಶುರುವಾಗಿದ್ದೇ ಹಾಗೆ. ಅದರಿಂದ ಕಲಿಯಬೇಕಾದ್ದು ದಿನ, ಗಾಳಿ, ತೇವ ನೋಡಿ ಹಚ್ಚುವ ಎಚ್ಚರವನ್ನು. ಎರಡು ದಿನದ ತೆಳು ಹೊಗೆ ಬೇಡವೆಂದರೆ ಆಗಸ್ಟಿನಲ್ಲಿ ಆರು ವಾರ ಸೂರ್ಯ ಕೆಂಪಗೆ ಕಾಣುವ ಹೊಗೆಯನ್ನು ಒಪ್ಪಬೇಕಾಗುತ್ತದೆ, ಜೊತೆಗೆ ತಾಯಿಮರಗಳನ್ನೂ ಕಳೆದುಕೊಳ್ಳಬೇಕಾಗುತ್ತದೆ. ಮುಂಚಿತವಾಗಿ ಸೂಚನೆ ಕೊಡಿ, ಮನೆಗೆ ಗಾಳಿ ಶುದ್ಧ ಮಾಡುವ ಯಂತ್ರ ಕೊಳ್ಳಲಾಗದವರಿಗೆ ನೆರವಾಗಿ ಎಂದು ಕೇಳೋಣ. ಹಚ್ಚಬೇಡಿ ಎಂದು ಕೇಳುವುದು ಬೇಡ.

ಮುಂದಿನ ಸಭೆಯಲ್ಲಿ ಕಾಡಿನ ನಿಧಿಯ ಪ್ರಸ್ತಾಪ ಬಂದಾಗ, ದುಡ್ಡು ಎಣಿಸುವ ಮೊದಲು ಆ ಜಾಗದ ಅರಣ್ಯ ಕಚೇರಿಗೆ ಫೋನು ಮಾಡಿ. ಈ ನೆಲ ಇದಕ್ಕೆ ಮುಂಚೆ ಯಾವಾಗ ಸುಟ್ಟಿತ್ತು? ಬದುಕಿರುವ ಬೀಜದ ಮರ ಎಷ್ಟು ದೂರದಲ್ಲಿದೆ? ಸಸಿಗಳು ತಾವಾಗಿ ಏಳುತ್ತಿವೆ ಎಂದು ಅವರು ಹೇಳಿದರೆ ಆ ಜಾಗವನ್ನು ಹಾಗೇ ಬಿಟ್ಟು, ನಿಧಿಯನ್ನು ಬೀಜ ಸಂಗ್ರಹಕ್ಕೂ ಸಸಿಮಡಿಗೂ ಕಳಿಸಿ. ಮರ ದೂರವಿದೆ, ಎರಡು ಸಲ ಸುಟ್ಟಿದೆ ಎಂದರೆ, ಅವರು ನೆಡುವ ದಿನ ಯಾವುದೆಂದು ಕೇಳಿ ಬರೆದುಕೊಳ್ಳಿ. ಗುದ್ದಲಿ ಹಿಡಿಯಲು ನಾನೂ ಬರುತ್ತೇನೆ.

ಇಂತಿ,
ನಿಮ್ಮಲ್ಲೊಬ್ಬಳು,
ಕೊಲೊರಾಡೊ